ಬಾಯಿಲ್ಲದೆ ಎಲುಬು ತಿನ್ನುವ ಹುಳು

ಅಬೂ ಉಬೈದಾ(ರ) ಅವರ ನೇತೃತ್ವದಲ್ಲಿ 300 ಸಹಾಬಿಗಳು ಕಡಲ ಕರೆಗೆ ಹೋದ ಹದೀಸನ್ನು ನಮ್ಮಲ್ಲಿ ಹೆಚ್ಚಿನವರು ಕೇಳಿದ್ದೇವೆ. ಬುತ್ತಿ ಮುಗಿದು ಎಲೆ ತಿನ್ನುವ ಸ್ಥಿತಿ ಬಂದಾಗ ಅಂಬರ್ ಎಂಬ ಭಾರೀ ಮೀನು ದಡಕ್ಕೆ ಬಂದು ಬಿದ್ದಿತ್ತು. ದಿನಗಟ್ಟಲೆ ಅದನ್ನೇ ತಿಂದರು. ಅದರ ಪಕ್ಕೆಲುಬು ನಿಲ್ಲಿಸಿದರೆ ಅಡಿಯಲ್ಲಿ ಒಂಟೆ ದಾಟಿ ಹೋಯಿತು ಅಂತ ಬುಖಾರಿಯಲ್ಲಿದೆ. ದಡಕ್ಕೆ ಬಂದದ್ದು ಮನುಷ್ಯರ ಪಾಲಾಯಿತು. ನಡುಗಡಲಲ್ಲೇ ಸತ್ತು ಮುಳುಗುವ ತಿಮಿಂಗಿಲದ ಎಲುಬು ಯಾರ ಪಾಲು?

2002ರ ಫೆಬ್ರವರಿಯಲ್ಲಿ ಅಮೆರಿಕದ ಮಾಂಟೆರೆ ಕೊಲ್ಲಿಯಲ್ಲಿ ಇದಕ್ಕೊಂದು ಉತ್ತರ ಸಿಕ್ಕಿತು. ಆಳ 2,891 ಮೀಟರ್. ಇಲ್ಲಿ ನಮ್ಮ ಮಧುಗಿರಿ ಬೆಟ್ಟವನ್ನು ಒಂದರ ಮೇಲೊಂದು ಎರಡು ಇಟ್ಟರೂ ಮುಳುಗಿಹೋಗುತ್ತದೆ. ವಿಜ್ಞಾನಿಗಳು ಯಂತ್ರ ಇಳಿಸಿ ಹುಡುಕುತ್ತಿದ್ದದ್ದು ಮರುವಾಯಿಯಂಥ ಚಿಪ್ಪುಜೀವಿಗಳನ್ನು. ಕಂಡದ್ದು ತಿಮಿಂಗಿಲದ ಅಸ್ಥಿಪಂಜರ, ಅದರ ತುಂಬಾ ಕೆಂಪು ಗರಿಗಳು. ಒಂದೊಂದು ಗರಿಯೂ ಒಂದೊಂದು ಹುಳು.

ಕೊಳವೆ ಕಟ್ಟಿಕೊಂಡು ಬಾಳುವ ಹುಳು ನಮ್ಮವರಿಗೆ ಹೊಸತಲ್ಲ. ಚಿಪ್ಪಿನ ಮೇಲೆ, ದೋಣಿಯ ಅಡಿಯಲ್ಲಿ ಅಂಟಿರುವ ಬಿಳಿ ಸುಣ್ಣದ ಕೊಳವೆಗಳನ್ನು ಧಕ್ಕೆಯಲ್ಲಿ ದುಡಿದವರು ಕಂಡಿರುತ್ತಾರೆ. ಈ ಹುಳುವಿನ ಕೊಳವೆ ಮಾತ್ರ ಲೋಳೆಯದು. ಇದಕ್ಕೆ ಬಾಯಿಲ್ಲ, ಹೊಟ್ಟೆಯಿಲ್ಲ, ಕರುಳೂ ಇಲ್ಲ. ಗಿಡದ ಹಾಗೆ ಎಲುಬಿನೊಳಗೆ ಬೇರು ಬಿಡುತ್ತದೆ. ಬೇರು ಆಮ್ಲ ಸುರಿಸಿ ಎಲುಬನ್ನು ಕರಗಿಸುತ್ತದೆ, ಬೇರಿನೊಳಗೆ ವಾಸವಾಗಿರುವ ಬ್ಯಾಕ್ಟೀರಿಯಾಗಳು ಅದರ ಸಾರವನ್ನು ಆಹಾರ ಮಾಡಿಕೊಡುತ್ತವೆ. ಇಷ್ಟೆಲ್ಲ ಹೆಣ್ಣಿನ ಕಥೆ. ಗಂಡು ಕಣ್ಣಿಗೆ ಕಾಣದಷ್ಟು ಸಣ್ಣದು. ಒಂದು ಹೆಣ್ಣಿನ ಕೊಳವೆಯೊಳಗೆ ನೂರಕ್ಕೂ ಮಿಕ್ಕಿ ಗಂಡುಗಳು ಇರೋದುಂಟು!

ಗೊತ್ತಿದ್ದ ಯಾವ ಕುಲಕ್ಕೂ ಇದು ಹೊಂದಲಿಲ್ಲ. ಹುಲಿ, ಸಿಂಹ, ಚಿರತೆ ಮೂರೂ ಒಂದೇ ಕುಲದವು ಅಂದರೆ ಕುಲದ ಅರ್ಥ ತಿಳಿದೀತು. 2004ರಲ್ಲಿ ರೌಸ್, ಗೊಫ್ರೆಡಿ, ವ್ರೈಯೆನ್‌ಹೂಕ್ ಎಂಬ ಮೂವರು 'ಸೈನ್ಸ್' ಪತ್ರಿಕೆಯಲ್ಲಿ ಹೊಸ ಕುಲವನ್ನೇ ಘೋಷಿಸಿದರು. ಹೆಸರು ಒಸೆಡಾಕ್ಸ್, ಲ್ಯಾಟಿನ್ನಿನಲ್ಲಿ ಎಲುಬುಬಾಕ ಅಂತ. ಡಿಎನ್‌ಎ ನೋಡಿದಾಗ 1977ರಲ್ಲಿ ಗಲಾಪಗೋಸ್ ಬಳಿ ಸಿಕ್ಕ ದೊಡ್ಡ ಕೊಳವೆಹುಳುಗಳ ನೆಂಟ ಎಂದು ತಿಳಿಯಿತು.

ಇಲ್ಲಿ ನಾವು ಉಸ್ತಾದರು ಸ್ವಲ್ಪ ಹುಷಾರಾಗಿರಬೇಕು. ಎಲುಬು ಜಿನ್ನ್‌ಗಳ ಆಹಾರ, ಅದರಿಂದ ಶುಚಿ ಮಾಡಬಾರದು ಎಂಬ ಹದೀಸ್ ಮದ್ರಸದಲ್ಲಿ ಕಲಿಸುತ್ತೇವೆ. ಅದು ಈ ಹುಳುವೇ, ವಿಜ್ಞಾನ ಈಗ ಕಂಡುಹಿಡಿಯಿತು ಅಂತ ಯಾರಾದರೂ ವಾಟ್ಸ್ಆ್ಯಪ್‌ನಲ್ಲಿ ಹರಿಬಿಟ್ಟರೆ ನಂಬಬೇಡಿ, ಮುಂದಕ್ಕೆ ಕಳಿಸಲೂ ಬೇಡಿ. ಜಿನ್ನ್ ಗೈಬಿನ ವಿಷಯ, ಹುಳು ಕಣ್ಣಿಗೆ ಕಾಣುವ ಜೀವಿ. ಹದೀಸಿಗೆ ಹುಳುವಿನ ಸಾಕ್ಷಿ ಬೇಕಿಲ್ಲ. ನಾಳೆ ವಿಜ್ಞಾನಿಗಳು ಮಾತು ತಿದ್ದಿದರೆ ಮಕ್ಕಳು ಹದೀಸನ್ನೇ ಅನುಮಾನಿಸಿಯಾರು.

ಅವರು ತಿದ್ದುವುದೂ ಉಂಟು. ತಿಮಿಂಗಿಲದ ಎಲುಬಿನಲ್ಲಿ ಮಾತ್ರ ಬದುಕುವ ಹುಳುವೇ ಇದು ಎಂಬ ಪ್ರಶ್ನೆ ಬಂದಾಗ ಹಸುವಿನ ಎಲುಬನ್ನು ಕಡಲ ತಳಕ್ಕೆ ಇಳಿಸಿ ನೋಡಿದರು. ಅದಕ್ಕೂ ಬೇರು ಬಿಟ್ಟಿತು. ಆಮೇಲೆ ಮೀನಿನ ಮುಳ್ಳನ್ನೂ ಇಳಿಸಿದರು. ಅದನ್ನೂ ಬಿಡಲಿಲ್ಲ.