ಸೀಳಿದ ಕವರಿಗೂ ಹೊಲಿಗೆ

“ಅಕ್ಕಾ, ನಿಮ್ಮ ಗಾಡಿ ಯಾಕೆ ಹಂಗೆ ಗಡಗಡ ಅಂತೈತೆ?”

“ಪಕ್ಕದ ಪ್ಲಾಸ್ಟಿಕ್ ಕವರು ಸೀಳೈತೆ ಕಣೇ ತಂಗಿ. ಹೊಸದು ತರೋಕೆ ದುಡ್ಡೆಲ್ಲೈತೆ?”

ಹರಿದ ಸೀರೆಗೆ ನಾವು ಹೊಲಿಗೆ ಹಾಕುತ್ತೇವೆ. ಸೀಳಿದ ಕವರಿಗೂ ಹೊಲಿಗೆ ಹಾಕಬಹುದು.

ಕವರು ಯಾಕೆ ಸೀಳುತ್ತದೆ?

ಗಾಡಿ ಬಿದ್ದರೆ ಸೀಳುತ್ತದೆ. ಜೋರಾಗಿ ಎಳೆದು ಬಿಚ್ಚಿದರೂ ಸೀಳುತ್ತದೆ. ಬಿಸಿಲಿಗೆ ಪ್ಲಾಸ್ಟಿಕ್ ಪೆಡಸಾಗುತ್ತದೆ. ಸೀಳು ಸಣ್ಣದು ಅಂತ ಬಿಡಬೇಡಿ. ಗಾಡಿ ಅದುರಿದ ಹಾಗೆಲ್ಲ ಅದು ಬೆಳೆಯುತ್ತದೆ. ಚೂಪಾದ ಅಂಚಿಗೆ ಸೀರೆ ಸಿಕ್ಕುತ್ತದೆ. ಕಾಲೂ ಗೀರುತ್ತದೆ.

ಏನೇನು ಬೇಕು?

ದಬ್ಬಣ, ಇಕ್ಕಳ, ತೆಳುವಾದ ತಾಮ್ರದ ತಂತಿ, ಉಪ್ಪುಕಾಗದ, ಹಳೆಯ ಹತ್ತಿ ಬಟ್ಟೆ, ಎರಡು ಟ್ಯೂಬಿನ ಅಂಟು.

ಹೇಗೆ ಮಾಡುವುದು?

1. ಕವರನ್ನು ನಿಧಾನವಾಗಿ ಬಿಚ್ಚಿ. ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ.

2. ಒಳಬದಿ ನೋಡಿ. ಹಲವು ಕವರುಗಳಲ್ಲಿ ಸಣ್ಣ ಇಂಗ್ಲಿಷ್ ಅಕ್ಷರಗಳಿರುತ್ತವೆ. ಶಾಲೆಗೆ ಹೋಗುವ ಮಕ್ಕಳ ಜೊತೆ ಕೂತು ಓದಿ. ‘ಎಬಿಎಸ್’ ಎಂದಿದ್ದರೆ ಅಂಟು ಹಿಡಿಯುತ್ತದೆ. ‘ಪಿಪಿ’ ಎಂದಿದ್ದರೆ ಅಂಟು ನಿಲ್ಲುವುದಿಲ್ಲ. ಅದಕ್ಕೆ ಹೊಲಿಗೆಯೇ ಗತಿ.

3. ದಬ್ಬಣವನ್ನು ಕಾಯಿಸಿ. ಇಕ್ಕಳದಲ್ಲಿ ಹಿಡಿಯಿರಿ. ಸೀಳು ಮುಗಿಯುವ ತುದಿಯಲ್ಲಿ ಒಂದು ಸಣ್ಣ ತೂತು ಮಾಡಿ. ಈ ತೂತು ಸೀಳು ಮುಂದೆ ಹೋಗದಂತೆ ತಡೆಯುತ್ತದೆ.

4. ಸೀಳಿನ ಎರಡೂ ಕಡೆ ಎದುರುಬದುರಾಗಿ ತೂತು ಮಾಡಿ. ಸೀಳಿನಿಂದ 1 ಸೆಂಟಿಮೀಟರ್ ದೂರ ಇರಲಿ. ಒಂದು ಜೋಡಿಯಿಂದ ಇನ್ನೊಂದಕ್ಕೆ 2 ಸೆಂಟಿಮೀಟರ್ ಇರಲಿ.

5. ತಂತಿಯನ್ನು ತೂತುಗಳಲ್ಲಿ ಪೋಣಿಸಿ. ಸೀಳು ಕೂಡುವ ಹಾಗೆ ಎಳೆಯಿರಿ. ತುದಿಗಳನ್ನು ಒಳಬದಿಗೆ ತಿರುಚಿ, ಕತ್ತರಿಸಿ, ಮಟ್ಟವಾಗಿ ಒತ್ತಿ.

6. ‘ಎಬಿಎಸ್’ ಆದರೆ ಒಳಬದಿಯನ್ನು ಉಪ್ಪುಕಾಗದದಿಂದ ಉಜ್ಜಿ. ಎರಡೂ ಟ್ಯೂಬಿನ ಅಂಟನ್ನು ಸಮವಾಗಿ ಕಲಸಿ ಹಚ್ಚಿ. ಮೇಲೆ ಬಟ್ಟೆಯ ಪಟ್ಟಿ ಇಟ್ಟು ಮತ್ತೆ ಅಂಟು ಹಚ್ಚಿ. ಒಂದು ರಾತ್ರಿ ಮುಟ್ಟಬೇಡಿ.

ಎಚ್ಚರ ಇರಲಿ

ಕಾದ ದಬ್ಬಣದ ಕೆಲಸ ಬಯಲಲ್ಲಿ ಮಾಡಿ. ಪ್ಲಾಸ್ಟಿಕ್ ಹೊಗೆ ಕುಡಿಯಬಾರದು. ಗಾಡಿಯ ಹತ್ತಿರ ಬೆಂಕಿ ಬೇಡ, ಅದರಲ್ಲಿ ಪೆಟ್ರೋಲ್ ಇದೆ. ಮಕ್ಕಳನ್ನು ದೂರ ಇಡಿ. ಅಂಟಿನ ಟ್ಯೂಬಿನ ಮೇಲೆ ಬರೆದದ್ದನ್ನು ಓದಿಯೇ ಬಳಸಿ.

ಕಾಲಿಡುವ ಪೆಡಲ್, ಬ್ರೇಕು, ಹ್ಯಾಂಡಲ್ ಮುರಿದರೆ ಮನೆಯಲ್ಲಿ ಸರಿ ಮಾಡಬೇಡಿ. ಮೆಕ್ಯಾನಿಕ್ ಹತ್ತಿರ ಒಯ್ಯಿರಿ. ಹಿಂದಿನ ಚಕ್ರದ ಸೀರೆ ಗಾರ್ಡು ಮುರಿದರೂ ಅಷ್ಟೇ. ಹಿಂದೆ ಕೂರುವವರ ಬಟ್ಟೆ ಸಿಕ್ಕದಂತೆ, ಹಿಂದಿನ ಚಕ್ರದ ಅರ್ಧವಾದರೂ ಮುಚ್ಚಿರಬೇಕು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೀಗೆ ಹೇಳುತ್ತವೆ. ಗಾರ್ಡು ಇಲ್ಲದ ಗಾಡಿಯಲ್ಲಿ ಸೆರಗು ಚಕ್ರಕ್ಕೆ ಸುತ್ತಿದರೆ ಜೀವಕ್ಕೇ ಅಪಾಯ.

“ಅಕ್ಕಾ, ಈಗ ಗಾಡಿ ಸದ್ದೇ ಇಲ್ಲ!”

“ನಾನೇ ಹೊಲಿದೆ ಕಣೇ. ನೋಡು, ದುಡ್ಡೂ ಉಳೀತು. ಒಂದು ಕೆಲಸಾನೂ ಕಲಿತಂಗಾಯ್ತು.”