ಬಾತ್‌ರೂಮ್ ಎಂದರೆ ಬಚ್ಚಲೇ?

‘ವೇರ್ ಈಸ್ ದಿ ಬಾತ್‌ರೂಮ್?’

ಆನೆಗೊಂದಿಯ ಹಳೆಯ ಮನೆಯೊಂದರ ಪಡಸಾಲೆಯಲ್ಲಿ ನಿಂತು ಅಮೆರಿಕದ ಅತಿಥಿ ಹೀಗೆ ಕೇಳಿದರೆ, ಮನೆಯಾಕೆ ಬಚ್ಚಲು ತೋರಿಸಿದರೆ ತಪ್ಪೇನು? ಹಂಡೆ, ತಂಬಿಗೆ, ಕಾದ ನೀರು ಎಲ್ಲ ಸಿದ್ಧವಾಗಿವೆ. ಆದರೆ ಪಾಪ, ಅತಿಥಿಯ ಅವಸರವೇ ಬೇರೆ! ಅಮೆರಿಕದವರ ಬಾಯಲ್ಲಿ ಬಾತ್‌ರೂಮ್ ಎಂದರೆ ಶೌಚಾಲಯವೂ ಹೌದು. ಎರಡನ್ನೂ ದೂರ ದೂರ ಇಟ್ಟ ನಮ್ಮ ಹಳ್ಳಿ ಮನೆಗಳಲ್ಲಿ ಅದು ಬರೀ ಬಚ್ಚಲು.

ಗಂಗಾವತಿ ತಾಲ್ಲೂಕಿನ ಆನೆಗೊಂದಿಗೆ ತುಂಗಭದ್ರೆಯ ಆಚೆ ದಡವೇ ಹಂಪಿ. 1986ರಲ್ಲಿ ಹಂಪಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಹರಿಗೋಲಿನಲ್ಲಿ ಹೊಳೆ ದಾಟಿ ಬಂದ ವಿದೇಶಿಯರ ಜೊತೆ ಬಾಡಿಗೆ ಕೋಣೆಯ ಇಂಗ್ಲಿಷೂ ಬಂತು. 1997ರಲ್ಲಿ ಆರಂಭವಾದ ಕಿಷ್ಕಿಂದಾ ಟ್ರಸ್ಟ್ ಹಳೆಯ ಮನೆಗಳನ್ನು ಕೆಡವದೆ ದುರಸ್ತಿ ಮಾಡಿ ಅತಿಥಿಗಳಿಗೆ ತೆರೆಯಬಹುದೆಂದು ತೋರಿಸಿಕೊಟ್ಟಿತು.

ಈ ಇಂಗ್ಲಿಷಿಗೆ ವ್ಯಾಕರಣದ ಹಂಗಿಲ್ಲ. ‘ಬಿಸಿನೀರು ಐತಿ’ ಎಂಬುದು ನೇರವಾಗಿ ‘ಹಾಟ್ ವಾಟರ್ ಈಸ್ ದೇರ್’ ಆಗುತ್ತದೆ. ಬಂದವರು ಇಸ್ರೇಲಿನವರೋ ಫ್ರಾನ್ಸಿನವರೋ ಆಗಿದ್ದರೆ ಅವರದೂ ಕಲಿತ ಇಂಗ್ಲಿಷೇ. ಯಾರನ್ನು ಯಾರು ನಗಬೇಕು?

ತೊಡಕಿರುವುದು ಮಂಚ, ಕುರ್ಚಿಗಳ ಮಾತಿನಲ್ಲಿ. ‘ಎಕ್ಸ್‌ಟ್ರಾ ಕಾಟ್’ ಕೊಡುತ್ತೇವೆ ಎಂದರೆ ಇಂಗ್ಲೆಂಡಿನವರಿಗೆ ಕಣ್ಣಿಗೆ ಕಟ್ಟುವುದು ಕಟಕಟೆಯಿರುವ ಕೂಸಿನ ಮಂಚ. ನಮಗೆ ‘ಬೆಡ್’ ಎಂದರೆ ಹಾಸಿಗೆ ಮಾತ್ರ, ಅವರಿಗೆ ಮಂಚವೂ ಸೇರಿದ್ದು. ಪಡಸಾಲೆಯನ್ನು ‘ಹಾಲ್’ ಎಂದರೆ ಅವರು ಬಾಗಿಲ ಒಳಗಿನ ಓಣಿಯಂಥ ಜಾಗವನ್ನು ಹುಡುಕಿಯಾರು. ಮನೆ, ಸೈಕಲ್ಲು, ಹರಿಗೋಲು ಮೂರಕ್ಕೂ ‘ಬಾಡಿಗೆ’ ಎಂಬ ಒಂದೇ ಮಾತು ಸಾಕಾದ ನಮಗೆ, ಬ್ರಿಟಿಷರು ಮನೆಗೆ ‘ರೆಂಟ್’, ದೋಣಿಗೆ ‘ಹೈರ್’ ಎನ್ನುವುದು ದುಂದುವೆಚ್ಚವೆಂದೇ ಕಾಣುತ್ತದೆ.

ಇವೆಲ್ಲ ನಕ್ಕು ಮರೆಯುವಂಥವು. ಮರೆಯಲಾಗದ ಪದ ಒಂದಿದೆ: ‘ಅಟ್ಯಾಚ್ಡ್?’

ಹೌದು ಎನ್ನಬೇಕಾದರೆ ಮಣ್ಣಿನ ಗೋಡೆಯೊಂದನ್ನು ಒಡೆಯಬೇಕು, ಪೈಪು ಎಳೆಯಬೇಕು, ಹಿತ್ತಲಲ್ಲಿ ಗುಂಡಿ ತೋಡಬೇಕು. ಇಲ್ಲ ಎಂದರೆ ಅತಿಥಿ ಬ್ಯಾಗು ಹೆಗಲಿಗೇರಿಸಿ ಮುಂದಿನ ಮನೆಗೆ ಹೊರಡಬಹುದು. ಊರು ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ವ್ಯಾಪ್ತಿಯಲ್ಲಿದೆ. ಮನಸ್ಸಿಗೆ ಬಂದಂತೆ ಕಟ್ಟುವ ಹಾಗಿಲ್ಲ. ಅದರ ಬಿಸಿ ಎಂಥದ್ದೆಂದು ಪಕ್ಕದ ವಿರೂಪಾಪುರ ಗಡ್ಡೆ ಕಂಡಿದೆ. ಹೊಳೆಯಂಚಿನ ಗುಡಿಸಲು, ಉಯ್ಯಾಲೆಗಳ ಆ ರೆಸಾರ್ಟುಗಳನ್ನು ಸುಪ್ರೀಂ ಕೋರ್ಟು 2020ರ ಫೆಬ್ರುವರಿಯಲ್ಲಿ ಅಕ್ರಮವೆಂದು ಎತ್ತಿಹಿಡಿಯಿತು; ಮಾರ್ಚಿನಲ್ಲಿ ಜೆಸಿಬಿಗಳು ಬಂದವು. ಅಲ್ಲಿ ಚಾದರ ಮಡಿಸುತ್ತ, ಚಹಾ ಕೊಡುತ್ತ ಇಂಗ್ಲಿಷ್ ಕಲಿತವರಿಗೆ ಕೆಲಸವೇ ಇಲ್ಲವಾಯಿತು. ಕಾನೂನು ಸರಿಯೇ ಇರಬಹುದು, ಹೊಟ್ಟೆಯ ಲೆಕ್ಕ ಬೇರೆ.

ಹಾಗಾಗಿ ಆನೆಗೊಂದಿಯ ಮನೆಯಾಕೆ ‘ಅಟ್ಯಾಚ್ಡ್ ನೋ, ನಿಯರ್’ ಎಂದರೆ ಅದು ಹರುಕು ಇಂಗ್ಲಿಷಲ್ಲ, ಜಾಣ ಉತ್ತರ.

ಚಳಿಗಾಲದ ರಾತ್ರಿ ಅತಿಥಿಗೆ ಹೊದೆಯಲು ಕೌದಿ ಕೊಡುವಾಗ ಮಾತ್ರ ಆ ಜಾಣತನವೂ ಸಾಲದು. ‘ಬ್ಲ್ಯಾಂಕೆಟ್’ ಎಂದರೆ ಕಂಬಳಿಯಾಯಿತು. ‘ಓಲ್ಡ್ ಸ್ಯಾರಿ’ ಎಂದು ತನ್ನ ಸೆರಗು ಹಿಡಿದು ತೋರಿಸಿ, ಗಾಳಿಯಲ್ಲೇ ಸೂಜಿ ಆಡಿಸಬೇಕು.