ಎಳೆಗೂಸಿನ ಮೈಯಲ್ಲಿನ ನೀರು: ಸೂಜಿ ಚುಚ್ಚದೆ ಅಳೆಯುವುದು ಹೇಗೆ?



ಕಣದಲ್ಲಿ ಹರಡಿದ ಕಾಫಿ ಒಣಗಿದೆಯೆ ಎಂದು ತಿಳಿಯಲು ನಮಗೆ ಎರಡು ದಾರಿಗಳಿವೆ. ಒಂದೇ ಅಳತೆಯ ಕಾಫಿಯನ್ನು ದಿನವೂ ತೂಗಿ ನೋಡುವುದು ಒಂದು. ತೇವಾಂಶ ಮಾಪಕದಲ್ಲಿ ಇಟ್ಟು ನೋಡುವುದು ಇನ್ನೊಂದು. ನವಜಾತ ಶಿಶುವಿನ ಮೈಯಲ್ಲಿನ ನೀರನ್ನು ರಕ್ತ ತೆಗೆಯದೆ ಅಂದಾಜು ಮಾಡುವುದಕ್ಕೂ ಹೆಚ್ಚುಕಡಿಮೆ ಇವೇ ದಾರಿಗಳು. ನಮ್ಮ ಮನೆಗಳಲ್ಲೂ ತೋಟದ ಲೈನುಗಳಲ್ಲೂ ಬಾಣಂತಿಯರು ಇರುವುದರಿಂದ ಈ ವಿಷಯವನ್ನು ಇಲ್ಲಿ ವಿವರಿಸಿದ್ದೇವೆ.

ನೀರೇಕೆ ಮುಖ್ಯ?

ದಿನ ತುಂಬಿ ಹುಟ್ಟಿದ ಮಗುವಿನ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ನೀರು. ಮೊದಲ ಕೆಲವು ದಿನ ಹೆಚ್ಚಿನ ನೀರು ಮೂತ್ರವಾಗಿ ಹೋಗಿ ತೂಕ ತುಸು ಇಳಿಯುವುದು ಸಹಜ. ಆದರೆ ಎದೆಹಾಲು ಸಾಲದೆ ಹೋದರೆ ನೀರು ಮಿತಿಮೀರಿ ಕಡಿಮೆಯಾಗಿ ರಕ್ತದಲ್ಲಿ ಉಪ್ಪಿನಂಶ ಏರುತ್ತದೆ. ಮಿದುಳಿಗೆ ಅಪಾಯ ಒದಗುತ್ತದೆ. ಇಂತಹ ಮಗು ಅಳದೆ ಸುಮ್ಮನೆ ಮಲಗಿರುವುದುಂಟು. "ಎಷ್ಟು ಸಾಧು ಮಗು" ಎಂದು ಮನೆಯವರು ಮೋಸಹೋಗುವುದು ಇಲ್ಲಿಯೇ.

ಮಾಪಕದ ದಾರಿ

ಕೈಗೂ ಕಾಲಿಗೂ ಅಂಟುಪಟ್ಟಿ ಹಚ್ಚಿ, ಮಗುವಿಗೆ ಅರಿವೇ ಆಗದಷ್ಟು ಸಣ್ಣ ವಿದ್ಯುತ್ತನ್ನು ಹರಿಸುತ್ತಾರೆ. ಉಪ್ಪು ಬೆರೆತ ನೀರಿನಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುತ್ತದೆ, ಕೊಬ್ಬಿನಲ್ಲಿ ಹರಿಯದು. ತಡೆ ಎಷ್ಟೆಂದು ಅಳೆದು, ಮಗುವಿನ ಉದ್ದದೊಡನೆ ಲೆಕ್ಕಹಾಕಿದರೆ ನೀರಿನ ಅಂದಾಜು ಸಿಗುತ್ತದೆ. ಪಾರ್ಚ್‌ಮೆಂಟಿಗೂ ಚೆರ್ರಿಗೂ ಮಾಪಕದ ಲೆಕ್ಕ ಬೇರೆಯಾಗುವಂತೆ, ದೊಡ್ಡವರ ಸೂತ್ರ ಕೂಸಿಗೆ ಹೊಂದದು. ಮಗು ಕೈಕಾಲು ಆಡಿಸಿದರೂ ಅಂಕಿ ಬದಲಾಗುತ್ತದೆ. ಆದ್ದರಿಂದ ಇದರ ಬಳಕೆ ಹೆಚ್ಚಾಗಿ ಸಂಶೋಧನೆಯಲ್ಲಿ.

ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಇನ್ನೊಂದು ವಿಧಾನವನ್ನು ಬಳಸಿದ್ದಾರೆ. ತಾಯಿಗೆ ಡ್ಯುಟೀರಿಯಂ ಇರುವ, ವಿಕಿರಣವಿಲ್ಲದ ನೀರನ್ನು ಕುಡಿಸಿ, ಅದು ಮಗುವಿಗೆ ಎಷ್ಟು ತಲುಪಿತೆಂದು ನೋಡಿ ಕುಡಿದ ಎದೆಹಾಲಿನ ಪ್ರಮಾಣವನ್ನು ತಿಳಿಯುವುದು ಇದರ ಕ್ರಮ.

ತಕ್ಕಡಿಯ ದಾರಿ

ಮನೆಮಟ್ಟಿಗೆ ತಕ್ಕಡಿಯೇ ನಂಬಿಕೆಯ ಸಾಧನ. ಮೊದಲ ದಿನಗಳಲ್ಲಿ ಬೇಗ ಇಳಿಯುವ ತೂಕ ಬಹುಪಾಲು ನೀರಿನದೇ. 3 ಕಿಲೋ ತೂಗಿದ ಮಗು 210 ಗ್ರಾಂ ಇಳಿದರೆ ನೂರಕ್ಕೆ 7 ಆಯಿತು; ಹಾಲು ಸಾಕಾಗುತ್ತಿದೆಯೆ ಎಂದು ವಿಚಾರಿಸಬೇಕು. 300 ಗ್ರಾಂ ಇಳಿದರೆ ನೂರಕ್ಕೆ 10. ತಡಮಾಡದೆ ವೈದ್ಯರಿಗೆ ತೋರಿಸಬೇಕು. ಎರಡು ವಾರದೊಳಗೆ ಹುಟ್ಟಿದಾಗಿನ ತೂಕ ಮರಳಿ ಬರಬೇಕು. ತೂಗುವಾಗ ಬಟ್ಟೆ ತೆಗೆದಿರಲಿ, ತಕ್ಕಡಿ ಅದೇ ಇರಲಿ.

ಆಶಾ ಕಾರ್ಯಕರ್ತೆಯರು 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಮನೆಗೆ ಬಂದು ನೋಡಬೇಕೆಂಬ ಏರ್ಪಾಡು 2011ರಿಂದ ಇದೆ. ತಾಯಿ ಕಾರ್ಡಿನಲ್ಲಿ ತೂಕ ಬರೆಸಿಕೊಳ್ಳಿ. ಲೈನಿನ ಬಾಣಂತಿಯ ಮಗುವನ್ನೂ ಮರೆಯಬೇಡಿ.

ಸದಸ್ಯರು ಗಮನಿಸಬೇಕಾದುದು

1. ಐದನೆಯ ದಿನದ ನಂತರ ಮಗು ದಿನಕ್ಕೆ ಆರು ಬಾರಿಯಾದರೂ ಮೂತ್ರ ಮಾಡಬೇಕು.

2. ನೆತ್ತಿ ಗುಳಿಬಿದ್ದರೆ, ಬಾಯಿ ಒಣಗಿದರೆ, ಹಾಲಿಗೆ ಏಳದೆ ಮಂಕಾಗಿದ್ದರೆ ಕಾಯಬೇಡಿ.

3. ಅರಸೀಕೆರೆಯ ಕಡೆ ಬಿಸಿಲು ಎಷ್ಟಿದ್ದರೂ ನೀರು, ಸಕ್ಕರೆ ನೀರು, ಜೇನುತುಪ್ಪ ಬೇಡ. ಆರು ತಿಂಗಳು ಎದೆಹಾಲೊಂದೇ ಸಾಕು.

ಹಳೇಬೀಡಿನ ಕಡೆಯವರಿಗೆ ಬೇಲೂರು, ಉಳಿದವರಿಗೆ ಅರಸೀಕೆರೆ ತಾಲ್ಲೂಕು ಆಸ್ಪತ್ರೆ ಹತ್ತಿರ. ಕಾಫಿ ತೂಗಲು ಸೋಮಾರಿತನ ಮಾಡದ ನಾವು ಕೂಸನ್ನು ತೂಗಿಸಲೂ ಮಾಡಬಾರದು.

– ಕಾರ್ಯದರ್ಶಿ